ಪೂಜೆಗೆ ಕೂತ ಸ್ಟ್ಯಾಂಡ್‌ಬೈ

ನಮ್ಮ ದಾದರ್ ಆಫೀಸಿಗೆ ಎರಡನೆಯ ರೌಟರ್ ಬೇಕು ಎಂದು ಮೇಡಮ್ ಹೇಳಿದಾಗ ಸೇಠ್‌ಜಿ ಮೊದಲು ನಕ್ಕರು, ಆಮೇಲೆ ಪೆನ್ನನ್ನು ಮುಚ್ಚಿ ಜೇಬಿಗಿಟ್ಟರು. ಅವರು ಪೆನ್ನು ಜೇಬಿಗಿಟ್ಟರೆ ಆ ಮಾತು ಅಲ್ಲಿಗೆ ಮುಗಿಯಿತೆಂದೇ ಅರ್ಥ.

"ಏಕ್ ಕಾಮ್ ಕರೇಗಾ, ದೂಸ್ರಾ ಬೈಠೇಗಾ. ಬೈಠನೇವಾಲೇ ಕೋ ಪಗಾರ್ ಕಾಯ್‌ಕೋ?" ಎಂದರು. ದುಡಿಯುವುದು ಒಂದು, ಸುಮ್ಮನೆ ಕೂರುವುದು ಇನ್ನೊಂದು. ಕೂತವನಿಗೂ ಸಂಬಳ ಕೊಡಲು ಇದೇನು ಧರ್ಮಛತ್ರವೇ ಎಂಬ ಧಾಟಿ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮದು ಔಷಧಿಗಳ ಸಗಟು ವ್ಯಾಪಾರದ ಕಂಪನಿ. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳ ಆರ್ಡರ್ ದಾದರಿಗೆ ಬರುತ್ತಿತ್ತು. ಮಾಲು ಇದ್ದದ್ದು ಭಾಂಡುಪ್ ಮತ್ತು ದಹಿಸರ್‌ನ ಗೋದಾಮುಗಳಲ್ಲಿ. ದಾದರಿನ ಕಂಪ್ಯೂಟರಿನಿಂದ ಹೊರಟ ಆರ್ಡರು ಬಾಡಿಗೆಯ ಟೆಲಿಫೋನ್ ಲೈನಿನಲ್ಲಿ ಗೋದಾಮಿಗೆ ಹೋಗಿ, ಅಲ್ಲಿನ ಪ್ರಿಂಟರಿನಲ್ಲಿ ಸ್ಲಿಪ್ಪಾಗಿ ಹೊರಬರಬೇಕು. ಹಾಗೆ ದಾರಿ ನೋಡಿ ಸಾಗಹಾಕುವ ಪೆಟ್ಟಿಗೆಗೇ ರೌಟರ್ ಎಂದು ಹೆಸರು. ಸ್ಲಿಪ್ಪಿಲ್ಲದೆ ಒಂದು ಮಾತ್ರೆಯೂ ಗೇಟು ದಾಟಬಾರದೆಂಬುದು ಸೇಠ್‌ಜಿಯ ಕಟ್ಟಪ್ಪಣೆ. ಹಿಂದೊಮ್ಮೆ ಯಾರೋ ಫೋನಿನಲ್ಲಿ ಅವರ ದನಿಯನ್ನೇ ಅನುಕರಿಸಿ ಒಂದು ಟೆಂಪೊ ಮಾಲು ಸಾಗಿಸಿಬಿಟ್ಟಿದ್ದರಂತೆ. ಅಂದಿನಿಂದ ಫೋನಿನ ಮಾತಿಗೆ ಗೇಟಿನಲ್ಲಿ ಕಿಮ್ಮತ್ತಿರಲಿಲ್ಲ.

ಮೇಡಮ್ ಧಾರವಾಡದವರು, ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ನಾನು ಮೈಸೂರಿನವನು, ಅವರ ಕೈಕೆಳಗಿನ ಎಂಜಿನಿಯರ್. ಅವರ ಯಜಮಾನರು ಕೆಲಸಕ್ಕಿದ್ದ ಬಟ್ಟೆ ಮಿಲ್ಲು ಮುಷ್ಕರದ ನಂತರ ಬಾಗಿಲು ತೆರೆಯಲೇ ಇಲ್ಲ. ಚಾಳಿನ ಮನೆ, ಇಬ್ಬರು ಮಕ್ಕಳ ಕಾಲೇಜು, ಎಲ್ಲವೂ ನಡೆಯುತ್ತಿದ್ದದ್ದು ಇವರ ಸಂಬಳದಲ್ಲಿ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವರ ಮುಂದಿನ ಮಾತು ನನಗೆ ಹುಚ್ಚುತನವೆನಿಸಿತು.

"ಒಂದು ಬಂದ್ ಆದರೆ ಇನ್ನೊಂದು ತಾನಾಗಿಯೇ ಕೆಲಸ ಹಿಡಿಯುತ್ತದೆ ಸೇಠ್‌ಜಿ. ಯಾರೂ ಕೈ ಹಚ್ಚುವ ಹಾಗಿಲ್ಲ. ಒಂದೇ ಒಂದು ಸಲ ಹಾಗಾಗದೆ ಹೋದರೂ ನಾನು ಈ ಕುರ್ಚಿ ಖಾಲಿ ಮಾಡುತ್ತೇನೆ," ಎಂದು ಮೇಡಮ್ ಹಿಂದಿಯಲ್ಲಿ ಹೇಳಿದರು.

ಸೇಠ್‌ಜಿ ಪೆನ್ನು ಹೊರತೆಗೆದು, ಇದು ಕೊಟ್ಟ ಮಾತೇ ಎಂದು ಕೇಳಿದರು. "ಜಬಾನ್ ದೀ?"

"ದೀ."

ಹೊರಗೆ ಬಂದವನೇ ನಾನು ಜಗಳಕ್ಕೇ ನಿಂತೆ. "ಏನ್ ಮೇಡಮ್ ಇದು? ಮೆಷೀನ್‌ಗೆ ಯಾರಾದ್ರೂ ಜಾಮೀನು ನಿಲ್ತಾರಾ?"

"ಮಷೀನಿಗಲ್ರೀ, ನಮ್ಮ ಕೆಲಸಕ್ಕ ನಿಂತೀನಿ. ನೀವು ಛಲೋ ಮಾಡ್ರಿ, ನಾ ಇಲ್ಲೇ ಇರ್ತೀನಿ," ಎಂದು ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಷೀನ್ ರೂಮಿನತ್ತ ನಡೆದರು.

ಹೊಸ ರೌಟರ್ ಬಂತು. ಹಳೆಯದಕ್ಕೆ ಮೇನ್ ಎಂದೂ ಹೊಸದಕ್ಕೆ ಸ್ಟ್ಯಾಂಡ್‌ಬೈ ಎಂದೂ ಚೀಟಿ ಅಂಟಿಸಿದೆವು. ಉಪಾಯ ಇಷ್ಟು: ಆಫೀಸಿನ ಕಂಪ್ಯೂಟರುಗಳಿಗೆ ಎರಡು ರೌಟರುಗಳಲ್ಲಿ ಯಾವುದರ ವಿಳಾಸವನ್ನೂ ಕೊಡದೆ, ಎರಡಕ್ಕೂ ಸೇರದ ಮೂರನೆಯ ವಿಳಾಸವೊಂದನ್ನು ಕೊಡುವುದು. ಆ ವಿಳಾಸಕ್ಕೆ ಬಂದದ್ದನ್ನೆಲ್ಲ ಮೇನ್ ಓಗೊಟ್ಟು ತೆಗೆದುಕೊಳ್ಳುತ್ತದೆ. ಜೊತೆಗೆ ಆಫೀಸಿನ ಕೇಬಲ್ಲಿನ ಮೇಲೆ ಕೆಲವು ಸೆಕೆಂಡಿಗೊಮ್ಮೆ "ಇದ್ದೇನೆ, ಇದ್ದೇನೆ" ಎಂದು ಸ್ಟ್ಯಾಂಡ್‌ಬೈಗೆ ತಿಳಿಸುತ್ತಿರುತ್ತದೆ. ಆ ದನಿ ನಿಂತುಹೋದರೆ ಸ್ಟ್ಯಾಂಡ್‌ಬೈ ಎದ್ದು ಆ ವಿಳಾಸವನ್ನು ತಾನು ವಹಿಸಿಕೊಳ್ಳುತ್ತದೆ. ಯಜಮಾನ ಬದಲಾದದ್ದು ಕಂಪ್ಯೂಟರುಗಳಿಗೆ ತಿಳಿಯುವುದೇ ಇಲ್ಲ.

ಹೇಳಲು ಸುಲಭ. ಮೊದಲ ಪ್ರಯತ್ನದಲ್ಲೇ ಎರಡೂ ಯಜಮಾನರಾಗಿ ಕೂತವು! ಮೇನ್ ಚೆನ್ನಾಗಿಯೇ ಇತ್ತು, ಆದರೂ ಸ್ಟ್ಯಾಂಡ್‌ಬೈ ತಾನೇ ಮೇನ್ ಎಂದು ಘೋಷಿಸಿಕೊಂಡಿತ್ತು. ಅರ್ಧ ಆಫೀಸಿನ ಆರ್ಡರುಗಳು ಒಂದರ ಕಡೆ, ಉಳಿದರ್ಧ ಇನ್ನೊಂದರ ಕಡೆ. ನಾನು ಬರೆದ ಸಾಲುಗಳನ್ನೆಲ್ಲ ಅಳಿಸಿ ಮತ್ತೆ ಬರೆದೆ, ಮತ್ತೆ ಅದೇ ಗತಿ. ಕೊನೆಗೆ ಮೇಡಮ್ ನೆಲದ ಮೇಲೆ ಕೂತು ಕೇಬಲ್ಲನ್ನು ಬೆರಳಿನಿಂದ ತಡವುತ್ತ ಮೇಜಿನಿಂದ ಮೇಜಿಗೆ ಸರಿದರು. ಆ ಕಾಲದಲ್ಲಿ ಕಂಪ್ಯೂಟರುಗಳನ್ನೆಲ್ಲ ಒಂದೇ ಕರಿ ಕೇಬಲ್ಲಿಗೆ ಮಣಿಗಳ ಹಾಗೆ ಪೋಣಿಸುತ್ತಿದ್ದೆವು. ಟೈಪಿಸ್ಟರ ಮೇಜಿನ ಕೆಳಗೆ ಒಂದು ಕೀಲು ಸಡಿಲವಾಗಿ ಕೇಬಲ್ಲು ನಡುವೆಯೇ ತುಂಡಾದಂತಾಗಿತ್ತು. ಮೇನ್ "ಇದ್ದೇನೆ" ಎಂದು ಬಡಬಡಿಸುತ್ತಲೇ ಇತ್ತು, ಪಾಪ ಸ್ಟ್ಯಾಂಡ್‌ಬೈಗೆ ಕೇಳಿಸುತ್ತಿರಲಿಲ್ಲ.

ಅದನ್ನು ಬಿಗಿಮಾಡಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಪೆಟ್ಟು. ಸ್ಟ್ಯಾಂಡ್‌ಬೈಗಾಗಿ ಎರಡೂ ಗೋದಾಮುಗಳಿಗೆ ಬೇರೆ ಲೈನುಗಳನ್ನು ತೆಗೆದುಕೊಂಡಿದ್ದೆವಲ್ಲ, ಅವು ಬಿಲ್ಡಿಂಗಿನೊಳಗೆ ಬರುತ್ತಿದ್ದದ್ದು ಹಳೆಯ ಲೈನುಗಳ ಜೊತೆ ಮೆಟ್ಟಿಲ ಕೆಳಗಿನ ಒಂದೇ ಪೆಟ್ಟಿಗೆಯಿಂದ. ಅದಕ್ಕೆ ನೀರು ನುಗ್ಗಿದರೆ ಎರಡೂ ಮುಳುಗಿದಂತೆಯೇ. ಮೇಡಮ್ ಲೈನ್‌ಮನ್ನನ ಜೊತೆ ಸುತ್ತಲ ಗಲ್ಲಿಗಳನ್ನೆಲ್ಲ ಬಿಸಿಲಿನಲ್ಲಿ ನಡೆದು, ಹೊಸ ಲೈನುಗಳು ಹಿಂದಿನ ಬಿಲ್ಡಿಂಗಿನ ಗೋಡೆಯ ಮೇಲಿಂದ ಬರುವಂತೆ ಮಾಡಿದರು.

ಪರೀಕ್ಷೆಯ ದಿನ ಸೇಠ್‌ಜಿ ಸ್ವತಃ ಬಂದು ನಿಂತರು. ನಾನು ಮೇನ್ ರೌಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ದೀಪಗಳೆಲ್ಲ ಆರಿದವು. ಆಮೇಲೆ ಭಾಂಡುಪ್ ಗೋದಾಮಿನ ಇನ್‌ಚಾರ್ಜ್ ಫೋನಿನಲ್ಲಿ, "ಆ ಗಯಾ ಸಾಬ್, ಸ್ಲಿಪ್ ಆ ಗಯಾ," ಎಂದ. ಸೇಠ್‌ಜಿ ಮೇಡಮ್ ಕಡೆ ನೋಡಿ ತಲೆದೂಗಿದರು. ನಾವು ಪ್ಲಗ್ಗು ಹಾಕಿ, ಕಿತ್ತು, ಹಾಕಿ, ಕಿತ್ತು ಹಲವು ಬಾರಿ ನೋಡಿದೆವು. ಒಮ್ಮೆಯೂ ತಪ್ಪಲಿಲ್ಲ. ನನ್ನ ಸಂತೋಷಕ್ಕೆ ಮಿತಿಯೇ ಇರಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಮೇನ್ ಕೆಡಲೇ ಇಲ್ಲ. ಸ್ಟ್ಯಾಂಡ್‌ಬೈ ಸುಮ್ಮನೆ ಕೂತೇ ಇತ್ತು. ನಮ್ಮ ಹೆಡ್ ಕ್ಲಾರ್ಕ್ ಉಡುಪಿ ಕಡೆಯವರು, ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಅವರು ದಿನಾ ಮೆಷೀನ್ ರೂಮಿಗೆ ಇಣುಕಿ, "ಎಂತ ಮಾರಾಯ್ರೆ, ನಿಮ್ಮ ಆಟಕ್ಕುಂಟು ಲೆಕ್ಕಕ್ಕಿಲ್ಲ ಹೇಗಿದ್ದಾನೆ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಆಯುಧಪೂಜೆ ಹತ್ತಿರ ಬಂತು. ಮುಂಬಯಿಯ ಮರಾಠಿಗರು ಅದನ್ನೇ ಖಂಡೇನವಮಿ ಎನ್ನುತ್ತಾರೆ. ನಮ್ಮ ಆಫೀಸಿನ ಪೂಜೆ ಯಾವಾಗಲೂ ರಾಯರದೇ. ಅವರ ನೇಮ ಗಟ್ಟಿ: ಪೂಜೆಗಿಟ್ಟ ಆಯುಧವನ್ನು ನವಮಿಯಂದು ಮುಟ್ಟಬಾರದು, ಮರುದಿನ ದಶಮಿಯ ಮಂಗಳಾರತಿಯಾದ ಮೇಲೆಯೇ ಎತ್ತಬೇಕು. ಟೈಪ್‌ರೈಟರ್, ತಕ್ಕಡಿ, ಕತ್ತರಿಗಳಿಗೆ ಇದು ಸರಿ. ರೌಟರಿಗೆ ರಜೆ ಕೊಟ್ಟರೆ ಔಷಧಿ ಹೋಗುವುದು ಹೇಗೆ? ರಾಯರೇ ದಾರಿ ಹುಡುಕಿದರು. "ಮೇನ್ ದುಡೀಲಿ. ಎರಡರ ಪರವಾಗಿ ಸ್ಟ್ಯಾಂಡ್‌ಬೈ ಪೂಜೆಗೆ ಕೂರಲಿ. ಅದು ಹೇಗೂ ಕೂತೇ ಉಂಟಲ್ಲ?"

ಎಲ್ಲರೂ ನಕ್ಕು ಒಪ್ಪಿದರು. ಮೇಡಮ್ ಮಾತ್ರ ಒಪ್ಪಲಿಲ್ಲ. "ರಾಯ್ರ, ಹೂವು ಏರಸ್ರಿ, ಕುಂಕುಮ ಹಚ್ರಿ, ಆದ್ರ ಬಂದ್ ಮಾಡಬ್ಯಾಡ್ರಿ. ಅದು ಕೂತದ ಅಂದ್ರ ಕಾಯ್ಲಿಕತ್ತದ."

ಮಾತು ಸೇಠ್‌ಜಿಗೆ ಹೋಯಿತು. ಅವರು ಫೋನಿನಲ್ಲೇ ತೀರ್ಪು ಕೊಟ್ಟರು: ಪೂಜೆ ಎಂದರೆ ಪೂಜೆ, ಸ್ಟ್ಯಾಂಡ್‌ಬೈ ಬಂದ್ ಆಗಲಿ. ಮೇಡಮ್ ತುಟಿ ಬಿಗಿಹಿಡಿದು ಸ್ವಿಚ್ ಆರಿಸಿದರು. ರಾಯರು ಅದಕ್ಕೆ ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿ, ಮುಂದೆ ತೆಂಗಿನಕಾಯಿ ಇಟ್ಟು ಆರತಿ ಎತ್ತಿದರು. ನಾನೂ ಕೈಮುಗಿದೆ.

ಹೂವಿನ್ನೂ ಬಾಡಿರಲಿಲ್ಲ, ಅಷ್ಟರಲ್ಲೇ ಭಾಂಡುಪ್‌ನಿಂದ ಫೋನ್ ಬಂತು. "ಸಾಬ್, ಸ್ಲಿಪ್ ನಹೀ ಆ ರಹಾ. ಗೇಟ್ ಪೇ ಟೆಂಪೊ ಕೀ ಲೈನ್ ಲಗೀ ಹೈ."

ನಾನು ನಂಬಲೇ ಇಲ್ಲ. ಇಷ್ಟು ತಿಂಗಳು ಗುಂಡುಕಲ್ಲಿನ ಹಾಗಿದ್ದ ಮೇನ್ ಇವತ್ತೇ ಯಾಕೆ ಕೆಡಬೇಕು? ಓಡಿಹೋಗಿ ನೋಡಿದರೆ ಮೇನ್ ರೌಟರಿನ ದೀಪಗಳೆಲ್ಲ ಎಂದಿನಂತೆ ಉರಿಯುತ್ತಿವೆ. ದಹಿಸರ್‌ಗೆ ಸ್ಲಿಪ್ಪುಗಳು ಸರಾಗವಾಗಿ ಹೋಗುತ್ತಿವೆ. ಭಾಂಡುಪ್‌ಗೆ ಮಾತ್ರ ಏನೂ ಹೋಗುತ್ತಿಲ್ಲ. ಮೇಡಮ್ ಟರ್ಮಿನಲ್ಲಿನ ಮುಂದೆ ಕೂತು ಒಂದೊಂದಾಗಿ ನೋಡಿ, ಭಾಂಡುಪ್ ಲೈನು ಸಿಕ್ಕಿಸುವ ಪೋರ್ಟು ಉಸಿರು ನಿಲ್ಲಿಸಿದೆ ಎಂದರು. ಮೇನ್ ಪೂರ್ತಿ ಸತ್ತಿರಲಿಲ್ಲ, ಅದರ ಒಂದು ಕೈ ಮಾತ್ರ ಬಿದ್ದುಹೋಗಿತ್ತು.

"ಸ್ಟ್ಯಾಂಡ್‌ಬೈ ಚಾಲೂ ಮಾಡ್ರಿ," ಎಂದರು.

ಬಾಗಿಲಲ್ಲಿ ರಾಯರು ನಿಂತಿದ್ದರು. "ಅಯ್ಯೋ, ಮುಟ್ಲಿಕ್ಕಿಲ್ಲ ಮಾರಾಯ್ರೆ! ಪೂಜೆಗಿಟ್ಟದ್ದು ಅದು. ನಾಳೆ ಬೆಳಿಗ್ಗೆವರೆಗೆ ಕೈ ಹಾಕುವ ಹಾಗಿಲ್ಲ."

ಕೈ ಚಾಚಿದ್ದ ನಾನು ನಿಂತುಬಿಟ್ಟೆ. ಹೇಳಲು ನಾಚಿಕೆಯೇನಿಲ್ಲ, ನನಗೂ ಅಳುಕಿತ್ತು. ನಮ್ಮ ಮನೆಯಲ್ಲಿ ಸರಸ್ವತಿ ಪೂಜೆಗಿಟ್ಟ ಪುಸ್ತಕ ಮುಟ್ಟಿದರೆ ವಿದ್ಯೆಯೇ ಹೋಗುತ್ತದೆಂದು ಹೆದರಿಸಿ ಬೆಳೆಸಿದ್ದರು. ಎಂಜಿನಿಯರಿಂಗ್ ಓದಿದರೂ ಆ ಹೆದರಿಕೆ ಬಿಟ್ಟಿರಲಿಲ್ಲ.

ಮೇಡಮ್ ರಾಯರ ಕಡೆ ತಿರುಗಿದರು. ದನಿ ಏರಲಿಲ್ಲ. "ರಾಯ್ರ, ಭಾಂಡುಪದಾಗ ಟೆಂಪೊ ನಿಂತಾವು. ಸಲೈನ್ ಬಾಟಲಿ ಅದಾವು ಅದರಾಗ. ಆಸ್ಪತ್ರ್ಯಾಗ ಮಲಗಿದವರು ನಾಳೆ ಮಂಗಳಾರತಿ ತನಕ ಕಾಯ್ತಾರೇನ್ರಿ?"

ರಾಯರ ಮುಖ ಸಪ್ಪಗಾಯಿತು. ಚಪ್ಪಲಿ ಬಿಟ್ಟು ಒಳಗೆ ಬಂದರು. "ನೀವ್ಯಾರೂ ಮುಟ್ಟಬೇಡಿ. ಹೂವು ಹಾಕಿದವ ನಾನು, ನಾನೇ ತೆಗಿತೇನೆ," ಎಂದು ಹಾರ ತೆಗೆದು, ತೆಂಗಿನಕಾಯಿ ಸರಿಸಿ, ಎರಡೂ ಕೈಯಿಂದ ಕೆನ್ನೆ ತಟ್ಟಿಕೊಂಡು ತಪ್ಪಾಯಿತು ಎಂದು ಬೇಡಿ, ಸ್ವಿಚ್ ಕೂಡ ತಾವೇ ಒತ್ತಿದರು. ಅವರ ಮೇಲೆ ನನಗಿದ್ದ ಅಸಮಾಧಾನ ಅಲ್ಲಿಗೇ ಹೋಯಿತು.

ಸ್ಟ್ಯಾಂಡ್‌ಬೈ ಎದ್ದಿತು, ದೀಪಗಳು ಹೊತ್ತಿದವು. ನಾನು ಭಾಂಡುಪ್‌ಗೆ ಫೋನ್ ಮಾಡಿ, "ಈಗ ಬರತ್ತೆ ನೋಡಿ," ಎಂದೆ.

ಬರಲಿಲ್ಲ.

ಕಾದೆವು. "ನಹೀ ಸಾಬ್," ಎಂದ ಅತ್ತ ಕಡೆಯವನು. ಸ್ಟ್ಯಾಂಡ್‌ಬೈನ ಪರದೆಯಲ್ಲಿ ನೋಡಿದೆ. ಅದು ಹೇಳುತ್ತಿತ್ತು: ಮೇನ್ ಇದೆ, ಚೆನ್ನಾಗಿದೆ, ನಾನು ಕಾಯುತ್ತಿದ್ದೇನೆ.

ಆಗ ನನಗೆ ಹೊಳೆಯಿತು. ಮೇನ್ "ಇದ್ದೇನೆ" ಎಂದು ಹೇಳುವುದು ಆಫೀಸಿನ ಕೇಬಲ್ಲಿನ ಮೇಲೆ. ಆ ಕಡೆ ಅದು ಆರೋಗ್ಯವಾಗಿಯೇ ಇದೆ. ಭಾಂಡುಪ್ ಕಡೆಯ ಕೈ ಬಿದ್ದದ್ದನ್ನು ಅದು ಯಾರಿಗೂ ಹೇಳುವುದಿಲ್ಲ, ಹೇಳು ಎಂದು ನಾವು ಅದಕ್ಕೆ ಕಲಿಸಿಯೇ ಇರಲಿಲ್ಲ. ಅಷ್ಟೆಲ್ಲ ಸಲ ಪ್ಲಗ್ಗು ಕಿತ್ತು ಕಿತ್ತು ನಾವು ಪರೀಕ್ಷಿಸಿದ್ದು ಬರೀ ಸಾವನ್ನು. ಕಾಯಿಲೆ ಬಂದರೆ ಏನಾದೀತೆಂದು ಒಬ್ಬರೂ ಯೋಚಿಸಿರಲಿಲ್ಲ, ಯಂತ್ರ ಮಾರಿದ ಕಂಪನಿಯ ಎಂಜಿನಿಯರ್ ಕೂಡ.

ಮೇಡಮ್ ನನಗಿಂತ ಮುಂಚೆಯೇ ಅರ್ಥ ಮಾಡಿಕೊಂಡಿದ್ದರು ಅನ್ನಿಸುತ್ತದೆ. "ಮೇನ್ ಬಂದ್ ಮಾಡ್ರಿ," ಎಂದರು.

"ಮೇಡಮ್, ದಹಿಸರ್ ನಡೀತಿರೋದು ಅದರಲ್ಲೇ. ಸ್ಟ್ಯಾಂಡ್‌ಬೈ ಕೈಕೊಟ್ರೆ ಅದೂ ಹೋಗತ್ತೆ. ಇರೋದನ್ನೂ ಕಳ್ಕೊಂಡ್ಬಿಡ್ತೀವಿ."

"ಅರ್ಧ ಸತ್ತದ್ದು ಕುರ್ಚಿ ಬಿಡವಲ್ದು, ಅದಕ್ಕ ಇನ್ನೊಂದು ಏಳವಲ್ದು. ಬಂದ್ ಮಾಡ್ರಿ. ಜವಾಬ್ದಾರಿ ನಂದು."

ಕಿತ್ತೆ. ದೀಪಗಳು ಆರಿದವು. ಸ್ಟ್ಯಾಂಡ್‌ಬೈನ ಪರದೆ ಬದಲಾಯಿತು. ಫೋನಿನ ಅತ್ತ ಕಡೆಯಿಂದ ಪ್ರಿಂಟರಿನ ಕಿರಕಿರ ಸದ್ದು. "ಆ ಗಯಾ! ಸಬ್ ಆ ರಹಾ ಹೈ!" ಸ್ವಲ್ಪ ಹೊತ್ತಿಗೆ ದಹಿಸರ್‌ನವರೂ ಸರಿಯಿದೆ ಎಂದರು. ರಾಯರು ಗೋಡೆಗೆ ಒರಗಿ ಕೃಷ್ಣ ಕೃಷ್ಣ ಎಂದರು. ಮೇಡಮ್ ಮಾತ್ರ ನಗಲಿಲ್ಲ.

ಮಧ್ಯಾಹ್ನ ಸೇಠ್‌ಜಿ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಸುದ್ದಿ ಆಗಲೇ ಮುಟ್ಟಿತ್ತು. ಅವರ ಲೆಕ್ಕದಲ್ಲಿ ಇದು ಮೇಡಮ್‌ರ ಗೆಲುವು. ಬಂದ್ ಮಾಡಿಸಿದ್ದು ತಾವು, ಆದ್ದರಿಂದ ತಡವಾದದ್ದರ ತಪ್ಪು ತಮ್ಮದೇ ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. "ಚಾಲೂ ಇದ್ದಿದ್ದರೆ ತಾನಾಗಿಯೇ ಎದ್ದುಬಿಡುತ್ತಿತ್ತು. ಮೇಡಮ್ ಮಾತು ಉಳಿಯಿತು," ಎಂದು ಹಿಂದಿಯಲ್ಲಿ ಹೇಳಿ ಮೊದಲ ಪೇಢೆಯನ್ನು ಅವರಿಗೇ ಚಾಚಿದರು.

ನನಗೆ ಹೋದ ಜೀವ ಬಂದಂತಾಯಿತು. ನಿಜ ಗೊತ್ತಿದ್ದದ್ದು ಮೇಡಮ್‌ಗೆ ಮತ್ತು ನನಗೆ ಮಾತ್ರ. ರಾಯರಿಗೂ ಈ ಸೂಕ್ಷ್ಮ ತಿಳಿದಿರಲಿಲ್ಲ. ಒಂದು ಪೇಢೆ ಬಾಯಿಗೆ ಹಾಕಿಕೊಂಡರೆ ಆಯಿತು, ಮನೆ, ಮಕ್ಕಳ ಕಾಲೇಜು ಎಲ್ಲ ಭದ್ರ.

ಮೇಡಮ್ ಪೇಢೆ ತೆಗೆದುಕೊಳ್ಳಲಿಲ್ಲ. "ಇಲ್ಲ ಸೇಠ್‌ಜಿ. ಚಾಲೂ ಇದ್ದಿದ್ದರೂ ಅದು ಏಳುತ್ತಿರಲಿಲ್ಲ. ಚಾಲೂ ಮಾಡಿದ ಮೇಲೂ ಏಳಲಿಲ್ಲ. ನಾವು ಕೈಯಾರೆ ಮೇನ್ ಕಿತ್ತ ಮೇಲೆ ಎದ್ದದ್ದು. ನನ್ನ ಏರ್ಪಾಟಿನಲ್ಲೇ ಕೊರತೆಯಿತ್ತು," ಎಂದರು.

ನಾನು ತಡೆಯಲಾರದೆ ಕನ್ನಡದಲ್ಲಿ, "ಮೇಡಮ್, ಸುಮ್ನಿರಿ. ಪೂಜೆಗೆ ಬಂದ್ ಮಾಡ್ಸಿದ್ದು ಅವ್ರೇ ತಾನೆ? ಅವ್ರೇ ಒಪ್ಕೊಂಡಿದ್ದಾರೆ," ಎಂದು ಗೊಣಗಿದೆ.

"ಕುಣೀಲಿಕ್ಕ ಬರದಾಕಿ ನೆಲ ಡೊಂಕು ಅಂದ್ಲಂತ. ಹಂಗಾಗ್ತದ ಅದು," ಎಂದರು ನನಗೆ. ಮೆಷೀನ್ ರೂಮಿನ ಬೀಗದಕೈಯನ್ನು ಸೇಠ್‌ಜಿಯ ಮುಂದೆ ಮೇಜಿನ ಮೇಲಿಟ್ಟರು.

ಸೇಠ್‌ಜಿ ಪೇಢೆಯ ಡಬ್ಬಿ ಹಿಡಿದೇ ನಿಂತಿದ್ದರು. ಬೇಡವೆನ್ನುತ್ತಾರೆ, ನಕ್ಕು ಬೀಗದಕೈಯನ್ನು ಹಿಂದಕ್ಕೆ ತಳ್ಳುತ್ತಾರೆ ಎಂದೇ ನಾನು ಕಾದೆ. ಅವರ ಕಣ್ಣು ತೇವವಾಗಿತ್ತು, ಅದನ್ನೂ ನೋಡಿದೆ. ಆದರೆ ಅವರು ನಿಧಾನವಾಗಿ ಬೀಗದಕೈ ಎತ್ತಿಕೊಂಡರು. "ಬೆಹೆನ್‌ಜಿ, ಆಪ್ ನೇ ಜಬಾನ್ ರಖೀ. ಮೈಂ ನಾ ಬೋಲೂಂ ತೋ ಆಪ್ ಕೀ ಜಬಾನ್ ಕೀ ಬೇಇಜ್ಜತೀ," ಎಂದರು. ಬೇಡವೆಂದರೆ ಮೇಡಮ್ ಕೊಟ್ಟ ಮಾತಿಗೇ ಅವಮಾನವಂತೆ! ವ್ಯಾಪಾರಿಗಳ ಈ ಮಾತಿನ ನೀತಿಯನ್ನು ಬಹಳ ಹೊಗಳುತ್ತಾರೆ. ನನಗೆ ಅವತ್ತು ಅವರಿಬ್ಬರ ಮೇಲೂ ಕೆಂಡದಂಥ ಸಿಟ್ಟು ಬಂತು.

ಮಾರನೆಯ ದಿನ ದಸರಾ, ಆಫೀಸಿಗೆ ರಜೆ. ಗೋದಾಮುಗಳಿಗೆ ರಜೆಯಿಲ್ಲ. ಮೇಡಮ್ ಬೆಳಿಗ್ಗೆಯೇ ಬಂದರು, ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ ಎಂದು. ಬೀಗದಕೈಯನ್ನು ಸೇಠ್‌ಜಿ ನನ್ನ ಕೈಗೆ ಕೊಟ್ಟಿದ್ದರು. ಆರಿಸಿ ಹೊತ್ತಿಸಿದ ಮೇಲೆ ಮೇನ್‌ನ ಪೋರ್ಟು ಮತ್ತೆ ಜೀವ ಹಿಡಿದಿತ್ತು. ರೌಟರುಗಳಿಗೆ ದರ್ಜೆಯೆಂಬುದೊಂದಿದೆ, ಮೇಲಿನ ದರ್ಜೆಯದೇ ಯಜಮಾನ. ನಾವು ಬರೆಯಬೇಕಾಗಿದ್ದದ್ದು ಎಷ್ಟು ಗೊತ್ತೆ? ಮೇನ್‌ನಲ್ಲಿ ಪ್ರತಿ ಲೈನಿಗೆ ಒಂದೊಂದು ಸಾಲು: ಈ ಲೈನು ಬಿದ್ದರೆ ನಿನ್ನ ದರ್ಜೆ ಇಳಿಸಿಕೊ. ಸ್ಟ್ಯಾಂಡ್‌ಬೈನಲ್ಲಿ ಒಂದು ಸಾಲು: ನಿನಗಿಂತ ಅದರ ದರ್ಜೆ ಕೆಳಗಿಳಿದರೆ ಕಾಯಬೇಡ, ವಹಿಸಿಕೊ. ಇಷ್ಟೇ. ಇಷ್ಟಕ್ಕೆ ಒಬ್ಬರ ಕೆಲಸ ಹೋಯಿತು ಎಂಬುದು ನನ್ನ ತಲೆಗೆ ಹತ್ತಲೇ ಇಲ್ಲ.

ಈ ಸಲ ಪ್ಲಗ್ಗಿಗೆ ಕೈ ಹಾಕದೆ ಭಾಂಡುಪ್ ಲೈನಿನ ದಪ್ಪ ಕೇಬಲ್ಲನ್ನಷ್ಟೇ ಮೇನ್‌ನ ಬೆನ್ನಿನಿಂದ ಬಿಚ್ಚಿದೆ. ಮೇನ್ ತಾನಾಗಿ ಹಿಂದೆ ಸರಿಯಿತು, ಸ್ಟ್ಯಾಂಡ್‌ಬೈ ಎದ್ದಿತು. ಯಾರೂ ಏನನ್ನೂ ಮುಟ್ಟಲಿಲ್ಲ. ಭಾಂಡುಪ್‌ನಲ್ಲಿ ಸ್ಲಿಪ್ಪು ಬಂತು.

ಮೇಡಮ್ ಗೋಡೆ ಬದಿಯ ಕುರ್ಚಿಗೆ ಹೋಗಿ ಕೂತರು. "ಈಗ ಕೇಬಲ್ ಹಚ್ಚಿ, ಇನ್ನೊಮ್ಮೆ ಮೊದಲಿಂದ ಮಾಡ್ರಿ. ನಾ ಇಲ್ಲಿಲ್ಲ ಅಂತ ತಿಳಕೊಂಡು ಮಾಡ್ರಿ," ಎಂದರು.

ಕೇಬಲ್ ಹಚ್ಚಿದೆ. ಮೇನ್ ಮತ್ತೆ ಯಜಮಾನನಾಯಿತೇ ಎಂದು ಪರದೆ ನೋಡಿದೆ. "ಇನ್ನೂ ಸ್ವಲ್ಪ ಕಾಯ್ಬೇಕಾ ಮೇಡಮ್?" ಎಂದು ಅಭ್ಯಾಸಬಲದಿಂದ ಕೇಳಿದೆ. ಉತ್ತರವಿಲ್ಲ. ತಿರುಗಿ ನೋಡಿದರೆ ಅವರು ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನೇ ನಿರ್ಧಾರ ಮಾಡಿ ಕಾದೆ, ಬಿಚ್ಚಿದೆ, ಫೋನು ಎತ್ತಿದೆ.

"ಆ ಗಯಾ ಸಾಬ್," ಎಂದ ಇನ್‌ಚಾರ್ಜ್.

"ಬಂತು ಮೇಡಮ್!" ಎಂದೆ ಜೋರಾಗಿ.

ಅವರು ಮಾತಾಡಲಿಲ್ಲ. ಹುಬ್ಬು ಕೂಡ ಅಲುಗಿಸಲಿಲ್ಲ. ಫೋನು ನನ್ನ ಕೈಯಲ್ಲೇ ಉಳಿಯಿತು. ಬೀಗದಕೈ ಮೇಜಿನ ಮೇಲಿಟ್ಟಾಗಲೂ, ಸೇಠ್‌ಜಿ ಅದನ್ನು ಎತ್ತಿಕೊಂಡಾಗಲೂ ನಾನು ನಂಬಿರಲಿಲ್ಲ. ನಾಳೆಯಿಂದ ಅವರು ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ.